ಸಾವಿರ ವರ್ಷದ ಗುತ್ತಿಗೆಯ ವೃಕ್ಷೋದ್ಯಾನ

ಅಮೆರಿಕದ ಬಾಸ್ಟನ್ ನಗರದ ನೈಋತ್ಯಕ್ಕೆ, ಜಮೈಕಾ ಪ್ಲೇನ್ ಮತ್ತು ರಾಸ್ಲಿಂಡೇಲ್ ಬಡಾವಣೆಗಳ ನಡುವೆ 281 ಎಕರೆಯಲ್ಲಿ ಹರಡಿಕೊಂಡಿರುವ ಆರ್ನಾಲ್ಡ್ ಆರ್ಬೊರೇಟಂ ಮರಗಳಿಗೆಂದೇ ಮೀಸಲಾದ ತೋಟ. ಮರ, ಪೊದೆ, ಗಟ್ಟಿಕಾಂಡದ ಬಳ್ಳಿ, ಇಷ್ಟೇ ಇಲ್ಲಿನ ಸಂಗ್ರಹ. ಕಾರಂಜಿ, ಸಂಗೀತ, ಬಣ್ಣದ ದೀಪ ಯಾವುದೂ ಇಲ್ಲ. ನಗರದ ಮಧ್ಯಭಾಗದಲ್ಲಿ ಆರೆಂಜ್ ಲೈನ್ ರೈಲು ಹತ್ತಿ ಕೊನೆಯ ನಿಲ್ದಾಣವಾದ ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದರೆ ಗೇಟಿಗೆ ನಡೆದೇ ಹೋಗಬಹುದು. ವರ್ಷದ ಎಲ್ಲ ದಿನವೂ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೋಟ ತೆರೆದಿರುತ್ತದೆ, ಟಿಕೆಟ್ಟಿಲ್ಲ. ಪ್ರವಾಸಿಗರ ಕಾರುಗಳನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವಾದ್ದರಿಂದ ಒಳಗಿನ ಡಾಂಬರು ರಸ್ತೆಗಳೆಲ್ಲ ನಡೆಯುವವರ, ಸೈಕಲ್ ತುಳಿಯುವವರ, ನಾಯಿ ಹಿಡಿದು ಬರುವವರ ಪಾಲಿಗೆ ಬಿಟ್ಟವು.

ಈ ತೋಟದ ಹುಟ್ಟಿಗೆ ಇಬ್ಬರು ವ್ಯಾಪಾರಿಗಳ ಆಸ್ತಿ ಕಾರಣ. ಬೆಂಜಮಿನ್ ಬಸ್ಸಿ ಎಂಬಾತ ಬಾಸ್ಟನ್ನಿನ ವರ್ತಕ; ಬೇಸಾಯವನ್ನು ಶಾಸ್ತ್ರೀಯವಾಗಿ ಮಾಡಬೇಕೆಂಬ ಹಂಬಲವಿದ್ದವನು. ಗುಡ್ಡ, ಕಣಿವೆ, ತೊರೆಗಳಿದ್ದ ತನ್ನ ಜಮೀನನ್ನು ಅವನು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟ. ನ್ಯೂ ಬೆಡ್‌ಫರ್ಡ್‌ನ ಜೇಮ್ಸ್ ಆರ್ನಾಲ್ಡ್ ತಿಮಿಂಗಿಲ ಬೇಟೆಯ ಹಡಗುಗಳಿಂದ ಹಣ ಮಾಡಿದವನು. ತೀರಿಕೊಂಡಾಗ ಬೇಸಾಯ ಅಥವಾ ತೋಟಗಾರಿಕೆಯ ಏಳಿಗೆಗೆಂದು ಒಂದು ಲಕ್ಷ ಡಾಲರಿಗೂ ಮಿಕ್ಕ ಮೊತ್ತವನ್ನು ಉಯಿಲಿನಲ್ಲಿ ಬಿಟ್ಟಿದ್ದ. ಒಬ್ಬನ ನೆಲ, ಇನ್ನೊಬ್ಬನ ಹಣ ಕೂಡಿ 1872ರಲ್ಲಿ ವೃಕ್ಷೋದ್ಯಾನ ಸ್ಥಾಪನೆಯಾಯಿತು. ಮರುವರ್ಷ ಅದರ ನಿರ್ದೇಶಕನಾಗಿ ಬಂದ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್ 1927ರಲ್ಲಿ ಸಾಯುವವರೆಗೂ ಆ ಹುದ್ದೆ ಬಿಡಲಿಲ್ಲ. ಉತ್ತರ ಅಮೆರಿಕದ ಮರಗಳ ಮೇಲೆ 14 ಸಂಪುಟಗಳ ಗ್ರಂಥ ಬರೆದ ಈ ವಿದ್ವಾಂಸನ ಕೈಗೆ ಮೊದಲು ಸಿಕ್ಕಿದ್ದು ಸವೆದುಹೋದ ಹೊಲ, ಹುಲ್ಲುಗಾವಲು ಮತ್ತು ಒಂದಿಷ್ಟು ಹಳೆಯ ಕಾಡು. ಹಣವೂ ಸಾಲುವಂತಿರಲಿಲ್ಲ.

ದಾರಿ ತೆರೆದದ್ದು ಒಂದು ಕರಾರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಆಗ ಬಾಸ್ಟನ್ನಿಗೆ ಉದ್ಯಾನಗಳ ಸರಪಳಿಯೊಂದನ್ನು ಯೋಜಿಸುತ್ತಿದ್ದ. 'ಎಮರಾಲ್ಡ್ ನೆಕ್ಲೇಸ್' ಎಂದು ಅದಕ್ಕೆ ಹೆಸರು. ವೃಕ್ಷೋದ್ಯಾನವೂ ಆ ಸರಪಳಿಯ ಕೊಂಡಿಯಾಗಲಿ ಎಂದು ಸಾರ್ಜೆಂಟ್ ಮತ್ತು ಓಮ್‌ಸ್ಟೆಡ್ ವರ್ಷಗಟ್ಟಲೆ ನಗರಸಭೆಯ ಮುಂದೆ ವಾದಿಸಿದರು. ಕೊನೆಗೆ 1882ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ನೆಲ ನಗರದ ಸ್ವತ್ತಾಯಿತು. ನಗರ ಅದನ್ನು ವರ್ಷಕ್ಕೆ ಒಂದು ಡಾಲರಿನಂತೆ 1,000 ವರ್ಷಗಳಿಗೆ ಹಾರ್ವರ್ಡ್‌ಗೇ ಗುತ್ತಿಗೆ ಕೊಟ್ಟಿತು. ಅವಧಿ ಮುಗಿದ ಮೇಲೆ ಇನ್ನೊಂದು ಸಾವಿರ ವರ್ಷಕ್ಕೆ ನವೀಕರಿಸಲು ಅವಕಾಶವನ್ನೂ ಇಟ್ಟುಕೊಂಡರು. ರಸ್ತೆ, ಕಾಂಪೌಂಡ್ ಗೋಡೆ, ಕಾವಲು ನಗರದ ಹೊಣೆ. ಮರ ಮತ್ತು ಸಂಶೋಧನೆ ವಿಶ್ವವಿದ್ಯಾಲಯದ ಹೊಣೆ. ಸಾರ್ವಜನಿಕರಿಗೆ ಪ್ರವೇಶ ಉಚಿತ. ಐದು ವರ್ಷಕ್ಕೊಮ್ಮೆ ನೆಲದ ಬಳಕೆಯೇ ಬದಲಾಗುವ ನಗರಗಳ ಕಾಲದಲ್ಲಿ ಈ ಕರಾರನ್ನು ಎಷ್ಟು ಮೆಚ್ಚಿದರೂ ಸಾಲದು. ಮರದ ಆಯುಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡು ಬರೆದ ಕಾಗದ ಅದು. ಇಂದು ಇಲ್ಲಿ ಸಿಗುವ ಪ್ರಶಾಂತತೆಗೆ ಅಡಿಪಾಯವೂ ಅದೇ.

ಮುಖ್ಯ ಪ್ರವೇಶವಾದ ಆರ್ಬರ್‌ವೇ ಗೇಟಿನ ಒಳಗೆ ಇಟ್ಟಿಗೆಯ ಹನಿವೆಲ್ ಕಟ್ಟಡವಿದೆ, 1892ರದ್ದು. ಗ್ರಂಥಾಲಯ, ಕಚೇರಿ, ಒಣಸಸ್ಯಗಳ ಸಂಗ್ರಹ ಅಲ್ಲಿವೆ. ಕಟ್ಟಡದ ಪಕ್ಕದಲ್ಲೇ ಮ್ಯಾಗ್ನೋಲಿಯಾ ಮರಗಳು. ಏಪ್ರಿಲ್ ಕೊನೆಗೆ, ಉಳಿದ ಮರಗಳಿನ್ನೂ ಚಿಗುರದೆ ಬರಿದಾಗಿ ನಿಂತಿರುವಾಗ, ಇವು ಒಂದೂ ಎಲೆಯಿಲ್ಲದ ಕೊಂಬೆಗಳ ತುಂಬ ಬಿಳಿ, ನಸುಗೆಂಪು ಹೂ ಬಿಡುತ್ತವೆ. ಹೂವೊಂದನ್ನು ಹತ್ತಿರದಿಂದ ನೋಡಿದರೆ ದಪ್ಪ ದಳಗಳ ನಡುವೆ ಕದಿರಿನಂತೆ ನಿಂತ ನಡುದಿಂಡು, ಅದರ ಬುಡದಲ್ಲಿ ಒತ್ತೊತ್ತಾಗಿ ಸುತ್ತಿಕೊಂಡ ಕೇಸರಗಳು ಕಾಣುತ್ತವೆ. ಕನ್ನಡ ನಾಡಿನವರಿಗೆ ಈ ರಚನೆ ಅಪರಿಚಿತವಲ್ಲ: ಮಲೆನಾಡಿನ ಸಂಪಿಗೆಯೂ ಇದೇ ಕುಲದ್ದು. ಒಂದು ನಿತ್ಯಹಸುರಾಗಿ ಮಳೆಕಾಡಿನಲ್ಲಿ ಬೆಳೆಯಿತು, ಇನ್ನೊಂದು ಹಿಮದಲ್ಲಿ ಎಲೆ ಉದುರಿಸಿ ಬದುಕುವುದನ್ನು ಕಲಿಯಿತು.

ಮ್ಯಾಗ್ನೋಲಿಯಾ ಗೇಟಿನ ಬಳಿಯೇ ಇರುವುದಕ್ಕೆ ಕಾರಣವಿದೆ. ಸಾರ್ಜೆಂಟ್ ಮತ್ತು ಓಮ್‌ಸ್ಟೆಡ್ ಮರಗಳನ್ನು ನೆಟ್ಟಿದ್ದು ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣದ ಕ್ರಮದಲ್ಲಿ. ಭಾರತದ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಓದಿದವರೆಲ್ಲ ಬಾಯಿಪಾಠ ಮಾಡಿದ ಕ್ರಮವದು. ಭಾರತದ ಸಸ್ಯಸಂಪತ್ತಿನ ಏಳು ಸಂಪುಟಗಳನ್ನು ಹೊರತಂದ ಜೋಸೆಫ್ ಹೂಕರನೇ ಈ ಹೂಕರ್. ಪುಸ್ತಕದಲ್ಲಿ ಮೊದಲು ಬರುವ ಕುಟುಂಬಗಳು ದಾರಿಯ ಮೊದಲಿಗೆ, ಸೂಚಿಪರ್ಣಿಗಳಂಥವು ದಾರಿಯ ಕೊನೆಗೆ. ಒಂದೊಂದು ಕುಟುಂಬವೂ ತನ್ನ ಗುಂಪಿನಲ್ಲಿ, ಆದರೆ ಸಾಲು ಹಿಡಿಯದೆ ಗುಡ್ಡದ ಏರಿಳಿತಕ್ಕೆ ಒಗ್ಗಿಕೊಂಡು ನಿಂತಿದೆ. ಹೀಗಾಗಿ ಇಲ್ಲಿ ಸುಮ್ಮನೆ ನಡೆಯುವವನೂ ಗೊತ್ತಿಲ್ಲದೆಯೇ ಒಂದು ಪಾಠಪುಸ್ತಕದ ಅಧ್ಯಾಯಗಳನ್ನು ದಾಟುತ್ತಿರುತ್ತಾನೆ. ಶಾಸ್ತ್ರದ ಕ್ರಮವನ್ನೂ ನೆಲದ ಚೆಲುವನ್ನೂ ಹೀಗೆ ಒಂದಕ್ಕೊಂದು ಹೊಂದಿಸುವುದು ಸುಲಭದ ಮಾತಲ್ಲ. ಈ ತೋಟದ ನಿಜವಾದ ಸಾಧನೆ ಇದೇ ಎನ್ನಬೇಕು.

ಮುಂದೆ ಮೆಡೋ ರಸ್ತೆ. ಎಡಕ್ಕೆ ಜೌಗು ನೆಲ, ಅದರಲ್ಲಿ ಆಪು ಹುಲ್ಲು. ಬಲಕ್ಕೆ ಲಿಂಡೆನ್, ಟ್ಯುಲಿಪ್ ಮರ, ಕತ್ಸುರ. ಕತ್ಸುರ ಜಪಾನಿನದು, 1878ರಲ್ಲಿ ಸಪ್ಪೊರೊದಿಂದ ಬಂದ ಬೀಜದ ಮರಗಳು ಇಲ್ಲಿವೆ. ಎಲೆ ಹೃದಯದ ಆಕಾರ, ಬುಡದಲ್ಲೇ ಕವಲೊಡೆದ ದಪ್ಪ ಬೊಡ್ಡೆಗಳು. ಅಕ್ಟೋಬರಿನಲ್ಲಿ ಎಲೆ ಹಳದಿಗೆ ತಿರುಗಿ ಉದುರುವಾಗ ಸುತ್ತಲೂ ಬೆಲ್ಲದ ಪಾಕ ಕಾಯುತ್ತಿರುವಂಥ ವಾಸನೆ ಹಬ್ಬುತ್ತದೆ. ಒಣಗುತ್ತಿರುವ ಎಲೆಯಲ್ಲಿ ಉಂಟಾಗುವ ಮಾಲ್ಟಾಲ್ ಎಂಬ ಪದಾರ್ಥ ಅದಕ್ಕೆ ಕಾರಣ. ಸುಟ್ಟ ಸಕ್ಕರೆಯಲ್ಲೂ ಅದೇ ಇರುತ್ತದೆ. ಹೊಸಬರು ಹತ್ತಿರದಲ್ಲಿ ಎಲ್ಲೋ ತಿಂಡಿಯಂಗಡಿಯಿದೆ ಎಂದುಕೊಂಡು ಅತ್ತಿತ್ತ ನೋಡುವುದುಂಟು.

ಟ್ಯುಲಿಪ್ ಮರದ ಕುಲದಲ್ಲಿ ಎರಡೇ ಪ್ರಭೇದ: ಒಂದು ಪೂರ್ವ ಅಮೆರಿಕದ್ದು, ಇನ್ನೊಂದು ಚೀನಾದ್ದು. ನಡುವೆ ಇಡೀ ಶಾಂತಸಾಗರ. ಇಂಥ ಜೋಡಿಗಳು ಇನ್ನೂ ಎಷ್ಟೋ ಇವೆ. ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ 1859ರಲ್ಲೇ ಜಪಾನ್ ಮತ್ತು ಪೂರ್ವ ಅಮೆರಿಕದ ಸಸ್ಯಗಳ ನೆಂಟಸ್ತನವನ್ನು ಎತ್ತಿ ತೋರಿಸಿದ್ದ. ಕೋಟ್ಯಂತರ ವರ್ಷಗಳ ಹಿಂದೆ ಉತ್ತರಾರ್ಧ ಗೋಳದ ತುಂಬ ಒಂದೇ ಬಗೆಯ ಕಾಡಿತ್ತು. ಹವೆ ತಂಪಾಗಿ ಹಿಮ ಮುನ್ನುಗ್ಗಿದಾಗ ಅದು ಹರಿದು ತುಂಡಾಯಿತು. ಬಾಸ್ಟನ್ನಿನ ಚಳಿಗೂ ಚೀನಾ, ಜಪಾನ್, ಕೊರಿಯಾಗಳ ಬೆಟ್ಟಸೀಮೆಯ ಚಳಿಗೂ ಹೋಲಿಕೆಯಿದೆ. ಆ ಕಡೆಯ ಮರಗಳು ಇಲ್ಲಿ ಬದುಕಬಲ್ಲವು. ಆರ್ನಾಲ್ಡ್ ತೋಟದವರು ಪೂರ್ವ ಏಷ್ಯಾದತ್ತ ಮುಖ ಮಾಡಿದ್ದು ಈ ಕಾರಣಕ್ಕೆ.

ಇಲ್ಲಿನ 15,000ಕ್ಕೂ ಹೆಚ್ಚು ಗಿಡಮರಗಳಲ್ಲಿ ಪ್ರತಿಯೊಂದಕ್ಕೂ ಲೋಹದ ಪುಟ್ಟ ಬಿಲ್ಲೆಯೊಂದು ಇರುತ್ತದೆ. ಕೊಂಬೆಗೆ ತೂಗುಹಾಕಿರುತ್ತಾರೆ, ಇಲ್ಲವೇ ಕಾಂಡಕ್ಕೆ ಹೊಡೆದಿರುತ್ತಾರೆ. ಬೆರಳಷ್ಟು ಅಗಲದ ಆ ತಗಡನ್ನು ಓದದೆ ಹೋದವರು ತೋಟದ ಅರ್ಧವನ್ನಷ್ಟೇ ನೋಡಿದಂತೆ. ಮೆಟಸೆಕ್ವೊಯಾ ಮರದ ಬಿಲ್ಲೆಯನ್ನು ತೆಗೆದುಕೊಳ್ಳಬಹುದು. 524-48 ಎಂದಿದ್ದರೆ, 1948ರಲ್ಲಿ ದಫ್ತರಿಗೆ ಸೇರಿದ 524ನೆಯ ಬಾಬತ್ತು ಎಂದರ್ಥ. ಅದರ ಮುಂದಿನ ಅಕ್ಷರ ಆ ಬೀಜದ ಕಂತಿನಿಂದ ಎದ್ದ ಸಸಿಗಳಲ್ಲಿ ಇದು ಯಾವುದು ಎಂದು ಹೇಳುತ್ತದೆ. ಜೊತೆಗೆ ಶಾಸ್ತ್ರೀಯ ಹೆಸರು, ಕುಟುಂಬ, ಮೂಲ, ನಕಾಶೆಯಲ್ಲಿನ ಜಾಗ. ಬೀಜ ಯಾವ ಬೆಟ್ಟದ್ದು, ತಂದವರು ಯಾರು, ಯಾವ ವರ್ಷ ರೋಗ ಬಂತು, ಯಾವಾಗ ಕೊಂಬೆ ಮುರಿಯಿತು ಎಂಬುದೆಲ್ಲ ಅದೇ ಸಂಖ್ಯೆಯಡಿ ಕಚೇರಿಯ ದಾಖಲೆಯಲ್ಲಿ ಬೆಳೆಯುತ್ತ ಹೋಗುತ್ತದೆ. ಮರ ಸತ್ತರೂ ಸಂಖ್ಯೆ ಇನ್ನೊಂದು ಮರಕ್ಕೆ ಹೋಗುವುದಿಲ್ಲ.

ಆ ಬಿಲ್ಲೆಯ ಹಿಂದಿನ ಕಥೆ ದೊಡ್ಡದು. ಜಪಾನಿನ ಶಿಗೆರು ಮಿಕಿ 1941ರಲ್ಲಿ ಪಳೆಯುಳಿಕೆಗಳನ್ನಷ್ಟೇ ನೋಡಿ ಮೆಟಸೆಕ್ವೊಯಾ ಎಂಬ ಕುಲವನ್ನು ಗುರುತಿಸಿದ. ಅದು ಎಂದೋ ಅಳಿದ ಮರವೆಂದೇ ಎಲ್ಲರ ಎಣಿಕೆ. ಕೆಲವೇ ವರ್ಷಗಳಲ್ಲಿ ಮಧ್ಯ ಚೀನಾದ ಹಳ್ಳಿಯೊಂದರಲ್ಲಿ ಜೀವಂತ ಮರಗಳು ಪತ್ತೆಯಾದವು. ಆರ್ನಾಲ್ಡ್‌ನ ಎಲ್ಮರ್ ಡ್ರೂ ಮೆರಿಲ್ 250 ಡಾಲರ್ ಕಳಿಸಿ ಬೀಜ ಸಂಗ್ರಹಿಸಿಕೊಡುವಂತೆ ಚೀನಾದ ವಿದ್ವಾಂಸ ಹು ಅವರನ್ನು ಕೋರಿದ. 1948ರ ಜನವರಿಯಲ್ಲಿ ಬೀಜ ಬಾಸ್ಟನ್ ತಲುಪಿತು. ಮೆರಿಲ್ ಅದನ್ನು ಬಚ್ಚಿಟ್ಟುಕೊಳ್ಳದೆ ಲೋಕದ ನೂರಾರು ತೋಟ, ಸಂಸ್ಥೆಗಳಿಗೆ ಹಂಚಿದ. ಇಂದು ಹಲವು ದೇಶಗಳ ಉದ್ಯಾನಗಳಲ್ಲಿ ಈ ಮರ ಕಾಣುವುದಕ್ಕೆ ಆ ಹಂಚಿಕೆ ಕಾರಣ. ಸೂಚಿಪರ್ಣಿಯಾದರೂ ಇದು ಎಲೆ ಉದುರಿಸುತ್ತದೆ. ಕಡ್ಡಿಯೊಂದನ್ನು ಹಿಡಿದರೆ ಮೃದುವಾದ ಚಪ್ಪಟೆ ಎಲೆಗಳು ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ತೊಗಟೆ ಕೆಂಗಂದು, ನಾರು ನಾರಾಗಿ ಉದ್ದಕ್ಕೆ ಸುಲಿಯುತ್ತದೆ. ಕೊಂಬೆ ಹೊರಟ ಜಾಗದ ಕೆಳಗೆ ಕಾಂಡ ಕಂಕುಳಿನ ಹಾಗೆ ಒಳಗೆ ಕುಳಿತಿರುತ್ತದೆ. ಈ ಗುರುತು ನೆನಪಿದ್ದರೆ ಚಳಿಗಾಲದಲ್ಲೂ ಮರ ಹಿಡಿಯಬಹುದು.

ಸೆಂಟರ್ ಸ್ಟ್ರೀಟ್ ಗೇಟಿನ ಕಡೆಗೆ ತಿರುಗಿದರೆ ಸಸಿ ಬೆಳೆಸುವ ಡಾನಾ ಹಸಿರುಮನೆಗಳು. ಮುದಿಯಾದ ಮರದ ಕಡ್ಡಿ ತಂದು ಬೇರು ಬರಿಸುವುದು, ಕಸಿ ಕಟ್ಟುವುದು ಇಲ್ಲಿನ ದಿನದ ಕೆಲಸ. ಮೂಲ ಮರ ಬೀಳುವ ಮೊದಲೇ ಅದರ ವಂಶ ಕುಂಡದಲ್ಲಿ ಎದ್ದು ನಿಂತಿರಬೇಕು. ಪಕ್ಕದಲ್ಲಿ ಬೋನ್ಸಾಯ್ ಮಂಟಪವಿದೆ. ಜಪಾನಿನಲ್ಲಿ ರಾಯಭಾರಿಯಾಗಿದ್ದ ಲಾರ್ಜ್ ಆಂಡರ್ಸನ್ 1913ರಲ್ಲಿ ತಂದ ಕುಳ್ಳಮರಗಳು 1937ರಲ್ಲಿ ಇಲ್ಲಿಗೆ ಸೇರಿದವು. ಅವುಗಳಲ್ಲಿ ಹಿನೊಕಿ ಸೈಪ್ರೆಸ್ ಒಂದರ ಆರಂಭ 1737 ಎಂದು ದಾಖಲೆ. ಸುತ್ತಲಿನ ಯಾವ ದೊಡ್ಡ ನೆಟ್ಟ ಮರವೂ ವಯಸ್ಸಿನಲ್ಲಿ ಅದಕ್ಕೆ ಸಮವಲ್ಲ.

ಬಸ್ಸಿ ಗುಡ್ಡದ ಇಳಿಜಾರಿಗೆ ಬಂದರೆ ಲೈಲಾಕ್ ಪೊದೆಗಳು, ಸುಮಾರು 400. ಮೇ ತಿಂಗಳ ಎರಡನೆಯ ಭಾನುವಾರ 'ಲೈಲಾಕ್ ಸಂಡೆ'. 1908ರಿಂದ ನಡೆದುಬಂದ ಪದ್ಧತಿ. ವರ್ಷವಿಡೀ ಬುತ್ತಿ ಬಿಚ್ಚಿ ಊಟಕ್ಕೆ ಕೂರಲು ಒಪ್ಪದ ತೋಟ ಆ ಒಂದು ದಿನ ಮಾತ್ರ ಜಮಖಾನೆ ಹಾಸಲು ಬಿಡುತ್ತದೆ. ಊರಿಗೆ ಊರೇ ಬರುತ್ತದೆ. ಬಾಸ್ಟನ್ ಸುತ್ತ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ತಂದೆತಾಯಿ ಬಂದಿದ್ದರೆ, ಅವರಿಗೆ ತೋರಿಸಲು ತಕ್ಕ ಹೂವಿದು: ಲೈಲಾಕ್ ಮಲ್ಲಿಗೆಯ ಕುಟುಂಬದ್ದು. ಎದುರುಬದುರು ಎಲೆ, ಬುಡದಲ್ಲಿ ಕೊಳವೆಯಾಗಿ ತುದಿಯಲ್ಲಿ ನಾಲ್ಕು ಎಸಳಾಗಿ ಬಿಚ್ಚುವ ಹೂ, ಗಾಢವಾದ ಕಂಪು. ಬಣ್ಣ ಮಾತ್ರ ಬಿಳಿಯಿಂದ ಹಿಡಿದು ಕಡುನೇರಳೆಯವರೆಗೆ. ಶಾಂತಿ ಅರಸಿ ಹೋಗುವವರು ಆ ಭಾನುವಾರ ಬಿಟ್ಟು ಅದರ ಹಿಂದಿನ ಅಥವಾ ಮುಂದಿನ ವಾರದ ನಡುವಿನ ದಿನ ಹೋಗುವುದು ಒಳ್ಳೆಯದು. ಹೂ ಆಗಲೂ ಇರುತ್ತದೆ.

ಗುಡ್ಡದ ಇನ್ನೊಂದು ಪಾರ್ಶ್ವಕ್ಕೆ ಬಿಸಿಲು ಹೆಚ್ಚು. ಚಳಿ ತಾಳದ ನಾಜೂಕಿನ ಮರಗಳನ್ನು ಪರೀಕ್ಷಿಸಲು ಆರಿಸಿದ ಜಾಗವದು. ಹೆಸರು 'ಎಕ್ಸ್‌ಪ್ಲೋರರ್ಸ್ ಗಾರ್ಡನ್'. ಇಡೀ ತೋಟದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಯಾವುದೆಂದರೆ ಇದೇ. ಇಲ್ಲಿನ ಫ್ರಾಂಕ್ಲಿನಿಯಾ 1905ರದ್ದು. ಜಾರ್ಜಿಯಾದ ಆಲ್ಟಮಾಹಾ ನದಿಯ ದಂಡೆಯಲ್ಲಿ ಸಸ್ಯಶೋಧಕರಾದ ಬಾರ್ಟ್ರಮ್ ತಂದೆ–ಮಗ 1765ರಲ್ಲಿ ಈ ಮರ ಕಂಡರು, ಮುಂದೆ ಬೀಜ ತಂದು ಬೆಳೆಸಿದರು. 1803ರ ಬಳಿಕ ಕಾಡಿನಲ್ಲಿ ಅದನ್ನು ಕಂಡವರಿಲ್ಲ. ಇಂದು ಭೂಮಿಯ ಮೇಲಿರುವ ಒಂದೊಂದು ಫ್ರಾಂಕ್ಲಿನಿಯಾವೂ ತೋಟದಲ್ಲಿ ಉಳಿದ ಆ ಪೀಳಿಗೆಯದೇ. ಉಳಿದ ಮರಗಳ ಹೂಗಾಲ ಮುಗಿದ ಮೇಲೆ, ಆಗಸ್ಟ್ ಕೊನೆಗೆ ಅದು ಬಿಳಿ ಹೂ ಬಿಡುತ್ತದೆ.

ಇದೇ ಇಳಿಜಾರಿನಲ್ಲಿ ಅರ್ನೆಸ್ಟ್ ಹೆನ್ರಿ ವಿಲ್ಸನ್ ಕಳಿಸಿದ ಮರಗಳಿವೆ. ಇಂಗ್ಲೆಂಡಿನ ಈ ತೋಟಗಾರ ಮೊದಲು ಚೀನಾಕ್ಕೆ ಹೋದದ್ದು ಒಂದೇ ಮರದ ಬೀಜಕ್ಕಾಗಿ. ಕೊಂಬೆ ತುಂಬ ಬಿಳಿ ಕರವಸ್ತ್ರ ತೂಗಿಬಿಟ್ಟ ಹಾಗೆ ಕಾಣುವ ಡೇವಿಡಿಯಾ ಅದು. ಅಗಸ್ಟಿನ್ ಹೆನ್ರಿ ಎಂಬಾತ ಹಿಂದೆ ಕಂಡಿದ್ದ ಒಂಟಿ ಮರವನ್ನು ಹುಡುಕುತ್ತ 1900ರಲ್ಲಿ ಜಾಗ ಮುಟ್ಟಿದಾಗ ಸಿಕ್ಕಿದ್ದು ಮೋಟು. ಮರ ಕಡಿದು ಯಾರೋ ಮನೆ ಕಟ್ಟಿಕೊಂಡಿದ್ದರು. ವಿಲ್ಸನ್ ಬಿಡದೆ ಹುಡುಕಿ ಬೇರೆ ಮರಗಳನ್ನು ಕಂಡ. 1907ರಿಂದ ಅವನು ಸಾರ್ಜೆಂಟನ ಪರವಾಗಿ ತಿರುಗಿದ. 1910ರಲ್ಲಿ ಸಿಚುವಾನ್‌ನ ಕಣಿವೆಯೊಂದರಲ್ಲಿ ಬೆಟ್ಟ ಜರಿದು ಕಾಲು ಮುರಿಯಿತು. ಆಮೇಲೆ ಕೊನೆಯವರೆಗೂ ಕುಂಟುತ್ತಲೇ ನಡೆದ. ಅವನು ಕಳಿಸಿದ ಪೇಪರ್‌ಬಾರ್ಕ್ ಮೇಪಲ್ ಮರದ ತೊಗಟೆ ದಾಲ್ಚಿನ್ನಿ ಬಣ್ಣದ ತೆಳು ಹಾಳೆಗಳಾಗಿ ಸುರುಳಿ ಬಿಚ್ಚುತ್ತದೆ. ಸಂಜೆ ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಆ ಹಾಳೆಗಳೊಳಗಿಂದ ಬೆಳಕು ಹಾಯುವುದು ಕಾಣುತ್ತದೆ. ವಿಲ್ಸನ್ನನ ಜೊತೆ ಬೆಟ್ಟ ಹತ್ತಿ ಬೀಜ ಬಿಡಿಸಿದ, ಹೆಗಲ ಮೇಲೆ ಮೂಟೆ ಹೊತ್ತ ಚೀನಾದ ಹಳ್ಳಿಗರು ಹಲವರು. ಒಮ್ಮೆ ಕೂಡಿಕೊಂಡವರು ಮತ್ತೆ ಮತ್ತೆ ಅವನ ಜೊತೆ ಹೊರಟವರು. ಬಿಲ್ಲೆಯ ಮೇಲೆ ಅವರ ಹೆಸರಿಲ್ಲ. ಈ ತೋಟದ ಕೀರ್ತಿಯಲ್ಲಿ ಅವರಿಗೆ ಸಲ್ಲಬೇಕಾದ ಪಾಲು ದೊಡ್ಡದೆಂಬುದನ್ನು ಇಲ್ಲಿ ನಿಂತಾಗ ಮರೆಯಬಾರದು.

ವ್ಯಾಲಿ ರಸ್ತೆಯ ಓಕ್, ಬೀಚ್, ಹಿಕರಿಗಳ ನಡುವೆ ಹಾದರೆ 1938ರ ಸೆಪ್ಟೆಂಬರ್ ಚಂಡಮಾರುತ ದಾಟಿ ಉಳಿದ ಹಳೆಯ ಮರಗಳನ್ನು ನೋಡಬಹುದು. ಅಂದು ಒಂದೇ ಸಂಜೆಯಲ್ಲಿ ಸಾವಿರಕ್ಕೂ ಹೆಚ್ಚು ಮರ ಉರುಳಿದ್ದವು. ಅಲ್ಲಿಂದ ಮುಂದೆ ಹೆಮ್ಲಾಕ್ ಗುಡ್ಡ. ಇದು ಯಾರೂ ನೆಟ್ಟ ಕಾಡಲ್ಲ. ಬಸ್ಸಿಯ ಕಾಲಕ್ಕೂ ಮೊದಲಿನದು. ಬಾಸ್ಟನ್ ಸೀಮೆಗೇ ವಿಶಿಷ್ಟವಾದ, ಉರುಟು ಕಲ್ಲುಗಳು ಒಳಗೆ ಹುದುಗಿಕೊಂಡ ಬಂಡೆಗಳ ಮೇಲೆ ಹೆಮ್ಲಾಕ್ ಮರಗಳು ದಟ್ಟ ನೆರಳು ಕಟ್ಟಿದ್ದವು. 1997ರಲ್ಲಿ ಇಲ್ಲಿ ಉಣ್ಣೆಹೇನು ಕಾಣಿಸಿಕೊಂಡಿತು. ಜಪಾನಿನಿಂದ ಬಂದ ಈ ಕೀಟ ಕಣ್ಣಿಗೆ ಬೀಳದಷ್ಟು ಚಿಕ್ಕದು. ಕಡ್ಡಿಯನ್ನು ತಿರುವಿ ಹಾಕಿದರೆ ಸೂಜಿಯೆಲೆಗಳ ಬುಡದಲ್ಲಿ ಬಿಳಿ ಅರಳೆಯ ಉಂಡೆಗಳು ಸಾಲಾಗಿ ಕಾಣುತ್ತವೆ. ರಸ ಹೀರಿ ಹೀರಿ ಕೆಲವೇ ವರ್ಷಗಳಲ್ಲಿ ಮರವನ್ನು ಒಣಗಿಸುತ್ತದೆ. ಚಳಿ ಕಟುವಾದ ವರ್ಷ ಕೀಟ ಇಳಿಮುಖವಾಗುತ್ತದೆ. ಚಳಿಗಾಲ ಬೆಚ್ಚಗಾಗುತ್ತಿರುವುದು ಅದಕ್ಕೆ ಅನುಕೂಲವಾಗಿದೆ. ನೂರಾರು ಮರಗಳನ್ನು ಕಡಿಯಬೇಕಾಯಿತು. ಉಳಿದವಕ್ಕೆ ಔಷಧ ಕೊಟ್ಟು ಕಾಪಾಡುತ್ತಿದ್ದಾರೆ. ಹೆಮ್ಲಾಕ್ ಹೋದ ಕಡೆ ಬಿಸಿಲು ಬಿದ್ದು ಬರ್ಚ್ ಸಸಿಗಳು ಎದ್ದಿವೆ. ಅದನ್ನೂ ಅಳೆದು ಬರೆದಿಡುತ್ತಾರೆ. ಚೀನಾದ ಹೆಮ್ಲಾಕ್ ಪ್ರಭೇದ ಇದೇ ಕೀಟಕ್ಕೆ ಜಗ್ಗುವುದಿಲ್ಲ ಎಂದು ತೋರಿಸಿಕೊಟ್ಟದ್ದೂ ಈ ತೋಟದಲ್ಲಿ ನಡೆದ ಪರೀಕ್ಷೆಗಳೇ. ದೂರದೇಶಗಳಿಂದ ಸಸ್ಯ ತರಿಸುವುದರಲ್ಲಿ ಅಪಾಯವೂ ಉಪಾಯವೂ ಹೇಗೆ ಒಟ್ಟಿಗೇ ಇವೆ ಎಂಬುದು ಈ ಗುಡ್ಡದ ಮೇಲೆ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು.

ಗುಡ್ಡದ ಆಚೆ ಸೂಚಿಪರ್ಣಿಗಳು. ಚಳಿಗಾಲದಲ್ಲಿ ಬಂದವರಿಗೆ ಹಸಿರು ಸಿಗುವುದು ಇಲ್ಲೇ. ಲೆಬನಾನ್ ಸೀಡರ್ ಬಾಸ್ಟನ್ನಿನ ಚಳಿಗೆ ಮೊದಲು ಬದುಕುತ್ತಿರಲಿಲ್ಲ. 1902ರ ಸುಮಾರಿಗೆ ಟರ್ಕಿಯ ಎತ್ತರದ ಬೆಟ್ಟಗಳಿಂದ ಬೀಜ ತರಿಸಿ ಬೆಳೆಸಿದ ಮೇಲೆ ನಿಂತುಕೊಂಡಿತು. ಪ್ರಭೇದ ಒಂದೇ ಆದರೂ ಬೀಜ ಯಾವ ಬೆಟ್ಟದ್ದು ಎಂಬುದು ಎಷ್ಟು ಮುಖ್ಯವೆಂದು ಆ ಮರಗಳಿಂದ ಗೊತ್ತಾಯಿತು.

ಬಸ್ಸಿ ಸ್ಟ್ರೀಟ್ ದಾಟಿದರೆ ಪೀಟರ್ಸ್ ಹಿಲ್. ಸುಮಾರು 240 ಅಡಿ ಎತ್ತರ, ತೋಟದಲ್ಲಿ ಇದೇ ಹೆಚ್ಚು. ಇಳಿಜಾರಿನಲ್ಲಿ ಕಾಡುಸೇಬು, ಹಾಥಾರ್ನ್. ನೆತ್ತಿಯಿಂದ ಬಾಸ್ಟನ್ನಿನ ಗಗನಚುಂಬಿಗಳು ಮರಗಳ ತಲೆಯ ಮೇಲೆ ಕಾಣುತ್ತವೆ. ಮುಖ್ಯ ಗೇಟಿನಿಂದ ದೂರವಾದ್ದರಿಂದ ಇಲ್ಲಿಗೆ ಬರುವವರು ಕಡಿಮೆ.

ಮರಳುವ ದಾರಿಗೆ ಸೌತ್ ಸ್ಟ್ರೀಟಿನಾಚೆಯ ಬಸ್ಸಿ ಬ್ರೂಕ್ ಮೆಡೋ ಎಂಬ ತಗ್ಗು ನೆಲವನ್ನು ಆರಿಸಿಕೊಳ್ಳಬಹುದು. ವೃಕ್ಷೋದ್ಯಾನದ್ದೇ ಭಾಗವಾದರೂ ಇಲ್ಲಿ ಬಿಲ್ಲೆಯಿಲ್ಲ, ಕತ್ತರಿಯಿಲ್ಲ. ಹಿಂದೆ ಕಸ, ಮಣ್ಣು ತುಂಬಿಸಿದ್ದ ಜಾಗ. ಈಗ ತಾನಾಗಿ ಬಂದದ್ದನ್ನು ಬರಲು ಬಿಟ್ಟಿದ್ದಾರೆ. ಚೀನಾದ ಐಲಾಂಥಸ್, ಯುರೋಪಿನ ವಿಲೋ, ಜೊತೆಗೆ ಸ್ಥಳೀಯ ಗಿಡಗಳು ಒಂದರ ಮೇಲೊಂದು ನುಗ್ಗಿ ಬೆಳೆದಿವೆ. ಇಲ್ಲಿ ದೀರ್ಘಕಾಲ ಸಂಶೋಧಕನಾಗಿದ್ದ ಪೀಟರ್ ಡೆಲ್ ಟ್ರೆಡಿಚಿ, ನಗರದ ಇಂಥ ಪಾಳು ನೆಲಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡಗಳ ಮೇಲೆ 2010ರಲ್ಲಿ ಕೈಪಿಡಿಯನ್ನೇ ಬರೆದಿದ್ದಾನೆ. ಬಿಸಿಯೇರುವ, ಉಪ್ಪು ಮತ್ತು ಹೊಗೆ ತುಂಬಿದ ನಗರದ ಮಣ್ಣಿನಲ್ಲಿ ಯಾವ ಮರ ನಿಲ್ಲುತ್ತದೆ, ಯಾವುದು ಇನ್ನೊಂದನ್ನು ತಳ್ಳಿ ಮೇಲೇಳುತ್ತದೆ ಎಂದು ತಿಳಿಯಲು ಈ ತಗ್ಗನ್ನು ಕೈಹಾಕದೆ ಉಳಿಸಿಕೊಂಡಿದ್ದಾರೆ. ಕಾಲುದಾರಿ ಅದರ ನಡುವೆಯೇ ಹಾಯುವುದರಿಂದ ಯಾರು ಬೇಕಾದರೂ ನಡೆಯುತ್ತ ಎರಡೂ ಬದಿಯ ಬೆಳವಣಿಗೆಯನ್ನು ಗಮನಿಸಬಹುದು.